ಕಠಿಣ ಆಸನಕ್ಕೆ ಮುನ್ನ ಮೈಬಲ

ಶೀರ್ಷಾಸನ, ಬಕಾಸನಗಳಂತಹ ಕಠಿಣ ಆಸನಗಳನ್ನು ಕಂಡಾಗ ತಾವೂ ಮಾಡಬೇಕೆಂಬ ಆಸೆ ಮೂಡುವುದು ಸಹಜ. ಹಗಲೆಲ್ಲ ಗುದ್ದಲಿ ಹಿಡಿಯುವ, ನೀರಿನ ಕೊಡ ಹೊರುವ ಮೈಗೆ ಇದೇನು ಮಹಾ ಎಂದು ನೀವು ಭಾವಿಸಬಹುದು. ಆದರೆ ದುಡಿಮೆಯ ಬಲವೇ ಬೇರೆ, ಆಸನಕ್ಕೆ ಬೇಕಾದ ಬಲವೇ ಬೇರೆ. ಶೀರ್ಷಾಸನದಲ್ಲಿ ದೇಹದ ಭಾರದ ಹೆಚ್ಚಿನ ಪಾಲನ್ನು ಮುಂಗೈಗಳೂ ಭುಜಗಳೂ ಹೊರಬೇಕು. ಅವು ಸೋತರೆ ಭಾರವು ಕುತ್ತಿಗೆಯ ಮೂಳೆಗಳ ಮೇಲೆ ಬೀಳುತ್ತದೆ. ಅಲ್ಲಿ ಪೆಟ್ಟಾದರೆ ಸಂಸಾರದ ದುಡಿಮೆಯೇ ನಿಂತುಹೋದೀತು.

ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಜನಿಸಿದ ಬಿ.ಕೆ.ಎಸ್. ಅಯ್ಯಂಗಾರ್ ಅವರು ಬಾಲ್ಯದಲ್ಲಿ ಬಹಳ ದುರ್ಬಲರೂ ರೋಗಪೀಡಿತರೂ ಆಗಿದ್ದರು. 1934ರಲ್ಲಿ ಮೈಸೂರಿಗೆ ಬಂದು, ತಮ್ಮ ಭಾವನವರಾದ ತಿರುಮಲೈ ಕೃಷ್ಣಮಾಚಾರ್ಯರಲ್ಲಿ ಯೋಗ ಕಲಿತರು. ಮುಂದೆ ಲೋಕವಿಖ್ಯಾತ ಗುರುಗಳಾದ ಅವರು ಗೋಡೆ, ಕುರ್ಚಿ, ಪಟ್ಟಿ, ಮರದ ತುಂಡುಗಳ ಆಸರೆಯಿಂದ ಆಸನಗಳನ್ನು ಕಲಿಸಿದರು. ಆಸರೆ ಪಡೆಯುವುದು ಅವಮಾನವಲ್ಲವೆಂಬುದನ್ನು ಇದರಿಂದ ಅರಿಯಬಹುದು.

ನೀವೂ ಬೆಳಿಗ್ಗೆ ಬರಿಹೊಟ್ಟೆಯಲ್ಲಿ, ಸಮತಟ್ಟಾದ ನೆಲದ ಮೇಲೆ ಚಾಪೆ ಹಾಸಿ, ಈ ಕ್ರಮದಲ್ಲಿ ಅಭ್ಯಾಸ ಮಾಡಿರಿ:

1. ತಾಡಾಸನ: ಎರಡೂ ಪಾದಗಳ ಮೇಲೆ ಸಮಭಾರವಿಟ್ಟು ನೆಟ್ಟಗೆ ನಿಂತು, ಐದು ಬಾರಿ ದೀರ್ಘವಾಗಿ ಉಸಿರಾಡಿರಿ.

2. ವೃಕ್ಷಾಸನ: ಗೋಡೆಯ ಬಳಿ ನಿಂತು ಒಂದು ಪಾದವನ್ನು ಇನ್ನೊಂದು ಕಾಲಿನ ತೊಡೆಗೆ ಅಥವಾ ಮೀನಖಂಡಕ್ಕೆ ಒತ್ತಿರಿ, ಮಂಡಿಗೆ ಒತ್ತಬಾರದು. ದೃಷ್ಟಿಯನ್ನು ಒಂದೇ ಬಿಂದುವಿನಲ್ಲಿ ನೆಡಿರಿ. ಅನಂತರ ಕಾಲು ಬದಲಿಸಿರಿ.

3. ಉತ್ಕಟಾಸನ: ಕುರ್ಚಿಯಲ್ಲಿ ಕುಳಿತಂತೆ ಮಂಡಿಗಳನ್ನು ಮಡಿಸಿ ನಿಲ್ಲಿರಿ. ತೊಡೆಗಳು ಬಲಗೊಳ್ಳುತ್ತವೆ.

4. ಫಲಕಾಸನ: ಮುಂಗೈ ಮತ್ತು ಕಾಲ್ಬೆರಳುಗಳ ಮೇಲೆ ದೇಹವನ್ನು ಹಲಗೆಯಂತೆ ನೇರವಾಗಿ ಹಿಡಿಯಿರಿ. ಹತ್ತು ಸೆಕೆಂಡಿನಿಂದ ಆರಂಭಿಸಿರಿ. ಸೊಂಟ ಕುಸಿದರೆ ಮಂಡಿಯೂರಿರಿ.

5. ಶವಾಸನ: ಕೊನೆಗೆ ಐದು ನಿಮಿಷ ವಿಶ್ರಮಿಸಿರಿ.

ಉಸಿರೇ ನಿಮ್ಮ ಅಳತೆಗೋಲು. ಉಸಿರು ಬಿಗಿಹಿಡಿದರೆ ಅಥವಾ ಮೈ ನಡುಗಿದರೆ, ಆ ದಿನಕ್ಕೆ ಅಷ್ಟೇ ಸಾಕು. ಸ್ನಾಯುಗಳು ಬಲಗೊಂಡರೂ ಅವುಗಳನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜುಗಳು ಗಟ್ಟಿಯಾಗಲು ಇನ್ನೂ ಹೆಚ್ಚು ಕಾಲ ಬೇಕು. ಆದ್ದರಿಂದ ಕೆಲವು ತಿಂಗಳ ನಿತ್ಯಾಭ್ಯಾಸದ ತರುವಾಯವೇ, ನುರಿತ ಶಿಕ್ಷಕರ ಸಮ್ಮುಖದಲ್ಲಿ ಕಠಿಣ ಆಸನಗಳಿಗೆ ತೊಡಗಿರಿ.

ಅಧಿಕ ರಕ್ತದೊತ್ತಡ, ಕುತ್ತಿಗೆ ನೋವು, ಕಣ್ಣಿನೊಳಗಿನ ಒತ್ತಡದ ಕಾಯಿಲೆಯುಳ್ಳವರು ಶೀರ್ಷಾಸನ ಮಾಡಬಾರದು. ಗರ್ಭಿಣಿಯರೂ ಬಾಣಂತಿಯರೂ ಯಾವುದೇ ಆಸನವನ್ನು ವೈದ್ಯರನ್ನು ಕೇಳಿಯೇ ಮಾಡಬೇಕು. ಸ್ವಲ್ಪ ಶ್ರಮಕ್ಕೇ ತಲೆಸುತ್ತು, ಏದುಸಿರು ಬಂದರೆ ಅದು ರಕ್ತಹೀನತೆಯ ಲಕ್ಷಣವಿರಬಹುದು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪರೀಕ್ಷಿಸಿಕೊಳ್ಳಿರಿ.

ಬಲವು ಅಭ್ಯಾಸದಿಂದ ಮಾತ್ರ ಬರುವುದಿಲ್ಲ. ಊಟದಿಂದಲೂ ನಿದ್ರೆಯಿಂದಲೂ ಬರುತ್ತದೆ. ರಾಗಿ, ಬೇಳೆ, ಸೊಪ್ಪು, ಕಡಲೆಕಾಯಿಗಳು ಮನೆಯೊಡತಿಯ ತಟ್ಟೆಗೂ ಸಮವಾಗಿ ಬೀಳಲಿ. ಎಲ್ಲರೂ ಉಂಡು ಮಿಕ್ಕಿದ್ದನ್ನು ಉಣ್ಣುವವಳಿಗೆ ಯಾವ ಆಸನವೂ ಬಲ ಕೊಡಲಾರದು. ಪತಿಯಾದವನು ಬೆಳಗಿನ ನೀರು ಸೇದುವ, ಮಕ್ಕಳನ್ನು ಸಿದ್ಧಗೊಳಿಸುವ ಕೆಲಸಗಳಲ್ಲಿ ಪಾಲುಗೊಂಡರೆ, ಪತ್ನಿಗೂ ಅರ್ಧ ಗಂಟೆಯ ಬಿಡುವು ದೊರೆಯುತ್ತದೆ. ಒಬ್ಬರು ಆಸನದಲ್ಲಿರುವಾಗ ಇನ್ನೊಬ್ಬರು ಬಳಿಯಲ್ಲಿದ್ದು ಬೆನ್ನು ನೇರವಿದೆಯೇ, ಉಸಿರು ಸರಾಗವಿದೆಯೇ ಎಂದು ನೋಡಿರಿ. ಅವಸರ ಬೇಡ, ಇಬ್ಬರೂ ಕೂಡಿ ಬಲ ಗಳಿಸಿರಿ.