ಒಡೆಯದೆ ಒಳಗನ್ನು ಕಾಣುವ ವಿದ್ಯೆ

ಮದರಾಸಿನ ದಕ್ಷಿಣಕ್ಕೆ, ಕಡಲಂಚಿನ ಕಲ್ಪಾಕ್ಕಂನಲ್ಲಿ 1985ರ ಅಕ್ಟೋಬರಿನಲ್ಲಿ ಚೇತನಗೊಂಡ ಕ್ಷಿಪ್ರ ಉತ್ಪಾದಕ ಪರೀಕ್ಷಾ ರಿಯಾಕ್ಟರಿಗೆ, ಪ್ಲುಟೋನಿಯಂ ಅಧಿಕವಾಗಿರುವ ಮಿಶ್ರ ಕಾರ್ಬೈಡನ್ನೇ ಮುಖ್ಯ ಇಂಧನವನ್ನಾಗಿ ಆರಿಸಿಕೊಂಡುದು ನಮ್ಮ ವಿಜ್ಞಾನಿಗಳ ಧೀರ ನಿರ್ಧಾರವೇ ಸರಿ. ಆದರೆ ಅಂತಹ ಇಂಧನವು ಕುಲುಮೆಯೊಳಗೆ ಎಷ್ಟು ಕಾಲ ಬಾಳೀತೆಂಬುದಕ್ಕೆ ಗ್ರಂಥಗಳಲ್ಲಿ ಉತ್ತರವಿರಲಿಲ್ಲ, ಸಲಾಕೆಯನ್ನೇ ಕೇಳಬೇಕಾಗಿತ್ತು.

ಆ ಸಲಾಕೆಯಾದರೋ ಐದು ಮಿಲಿಮೀಟರಿಗಿಂತ ತುಸುವೇ ದಪ್ಪನಾದ, ಅರ್ಧ ಮೀಟರಿನಷ್ಟು ಉದ್ದದ ತುಕ್ಕುಹಿಡಿಯದ ಉಕ್ಕಿನ ಕೊಳವೆ; ಒಳಗೆ ಇಂಧನದ ಬಿಲ್ಲೆಗಳ ಸಾಲು. ಇಂತಹ 61 ಸಲಾಕೆಗಳು ಸೇರಿ ಒಂದು ಜೋಡಣೆ. ರಿಯಾಕ್ಟರಿನಿಂದ ಹೊರಬಂದ ಮೇಲೆ ಅದು ಮನುಷ್ಯನು ಬಳಿಸಾರಲಾರದಷ್ಟು ವಿಕಿರಣವನ್ನು ಸೂಸುವುದರಿಂದ, ದಪ್ಪ ಕಾಂಕ್ರೀಟ್ ಗೋಡೆಯ ಕೋಶದಲ್ಲಿ ಅದನ್ನಿರಿಸಿ, ಸೀಸದ ಗಾಜಿನ ಕಿಟಕಿಯಾಚೆ ನಿಂತು, ಯಾಂತ್ರಿಕ ಹಸ್ತಗಳಿಂದಲೇ ಎತ್ತಿ ಇಳಿಸಬೇಕು. ಕೊಯ್ದು ನೋಡುವ ಪರೀಕ್ಷೆಗಳೂ ಉಂಟು. ಆದರೆ ಒಮ್ಮೆ ಕೊಯ್ದ ಸಲಾಕೆ ಇಡಿಯಾಗಿ ಮರಳಿ ದೊರೆಯದಾದುದರಿಂದ, ಕೆಡಿಸದೆ ಅರಿಯಬಹುದಾದುದೆಲ್ಲವನ್ನೂ ಮೊದಲು ಅರಿಯುವುದು ಇಲ್ಲಿಯ ಕ್ರಮ. ವ್ಯಾಸವನ್ನು ಉದ್ದಕ್ಕೂ ಅಳೆಯುತ್ತಾರೆ. ಸುಳಿ ವಿದ್ಯುತ್ಪ್ರವಾಹದಿಂದ ಕೊಳವೆಯ ಬಿರುಕನ್ನು ಶೋಧಿಸುತ್ತಾರೆ. ಸೀಸದ ಕಿರುಸೀಳಿನ ಮುಂದೆ ಸಲಾಕೆಯನ್ನು ಮೆಲ್ಲನೆ ಸರಿಸುತ್ತ, ಸೀಸಿಯಂ-137 ಹೊಮ್ಮಿಸುವ ಗಾಮಾ ಕಿರಣಗಳಿಂದ ಇಂಧನವು ಯಾವೆಡೆ ಎಷ್ಟು ವ್ಯಯವಾಗಿದೆಯೆಂದು ಗುಣಿಸುತ್ತಾರೆ.

ಒಳಗಿನ ಬಿಲ್ಲೆಗಳನ್ನು ಕಣ್ಣಾರೆ ಕಾಣುವುದೆಂತು? ಎಕ್ಸ್-ರೇ ಇಲ್ಲಿ ಸೋಲುತ್ತದೆ. ಸಲಾಕೆಯ ಸ್ವಂತ ಗಾಮಾ ಕಿರಣಗಳೇ ಫಿಲ್ಮನ್ನು ಕಪ್ಪಾಗಿಸಿಬಿಡುತ್ತವೆ. ಈ ವಿಘ್ನವನ್ನು ದಾಟಲು ನೆರವಾದುದು ನ್ಯೂಟ್ರಾನು. ಕೋಶದ ಕೆಳಗೇ 1996ರಲ್ಲಿ ಕಾರ್ಯಾರಂಭ ಮಾಡಿದ, ಥೋರಿಯಮಿನಿಂದ ಪಡೆದ ಯುರೇನಿಯಂ-233 ಅನ್ನು ಇಂಧನವಾಗುಳ್ಳ, ಕೇವಲ 30 ಕಿಲೊವಾಟ್ ಸಾಮರ್ಥ್ಯದ ಕಾಮಿನಿ ಎಂಬ ಪುಟ್ಟ ರಿಯಾಕ್ಟರಿದೆ. ಮೇಲಿನಿಂದ ಇಳಿಬಿಟ್ಟ ಸಲಾಕೆಯನ್ನು ಹಾದುಬಂದ ಅದರ ನ್ಯೂಟ್ರಾನುಗಳು ಡಿಸ್ಪ್ರೋಸಿಯಂ ಲೋಹದ ತೆಳುಹಾಳೆಯ ಮೇಲೆ ಬೀಳುತ್ತವೆ. ಆ ಹಾಳೆಗೆ ಸಲಾಕೆಯ ಗಾಮಾ ಕಿರಣಗಳ ಪರಿವೆಯೇ ಇಲ್ಲ. ನ್ಯೂಟ್ರಾನುಗಳು ಹೆಚ್ಚು ತಾಗಿದೆಡೆಯಲ್ಲಿ ಅದು ತಾನೇ ಹೆಚ್ಚು ವಿಕಿರಣಶೀಲವಾಗುತ್ತದೆ. ಬಳಿಕ ಅದನ್ನು ಕತ್ತಲೆಯ ಕೋಣೆಗೊಯ್ದು ಫಿಲ್ಮಿಗೆ ಒತ್ತಿಟ್ಟರೆ, ಕೆಲವು ತಾಸುಗಳಲ್ಲಿ ಚಿತ್ರವು ಮೂಡುತ್ತದೆ: ಬಿಲ್ಲೆಗಳ ನಡುವಣ ಅಂತರ, ಒಡಕು, ಸಾಲು ಎಷ್ಟು ಉದ್ದವಾಗಿ ಬೆಳೆದಿದೆಯೆಂಬ ಲೆಕ್ಕ. ಎರಡು ಹೆಜ್ಜೆಗಳ ಈ ಉಪಾಯದಷ್ಟು ಸುಂದರವಾದುದು ಇಡೀ ವಿದ್ಯೆಯಲ್ಲಿ ಮತ್ತೊಂದಿಲ್ಲವೆಂದು ನನ್ನ ಭಾವನೆ.

ಕಲ್ಪಾಕ್ಕಂನವರು ಆತುರಪಡಲಿಲ್ಲ. ಟನ್ನೊಂದಕ್ಕೆ 25,000 ಮೆಗಾವಾಟ್-ದಿನಗಳಷ್ಟು ಶಕ್ತಿಯನ್ನಿತ್ತ ಜೋಡಣೆಯನ್ನು ಮೊದಲು ಹೊರತೆಗೆದು ಪರೀಕ್ಷಿಸಿದರು. ಬಳಿಕ 50,000, ಅನಂತರ ಒಂದು ಲಕ್ಷ, ಕಡೆಗೆ 1,55,000. ಪ್ರತಿಯೊಂದು ಮೇಲಣ ಮೆಟ್ಟಿಲಿಗೂ ಕೆಳಗಿನ ಮೆಟ್ಟಿಲಿನ ಪರೀಕ್ಷೆಯೇ ಆಧಾರ. ಅಷ್ಟು ಎತ್ತರಕ್ಕೇರಿದಾಗ, ನ್ಯೂಟ್ರಾನುಗಳ ನಿರಂತರ ತಾಡನದಿಂದ ಉಬ್ಬುವ ಉಕ್ಕು ಕೂಡ ಇಂಧನದಷ್ಟೇ ಚಿಂತೆಯ ವಿಷಯವಾಯಿತು. ಆದುದರಿಂದ ವ್ಯಾಸದ ಅಳತೆ, ಎಲ್ಲಕ್ಕೂ ಸರಳವಾದ ಆ ಪರೀಕ್ಷೆ, ಅತ್ಯಂತ ಎಚ್ಚರದಿಂದ ನಡೆಯಬೇಕಾದುದಾಯಿತು.