ಸೇಲಂ ಪುರಸಭೆಯಿಂದ ಪ್ರಾಂತದ ಖಜಾನೆಗೆ: ರಾಜಾಜಿ ಮತ್ತು ಮಾರಾಟ ತೆರಿಗೆಯ ಜನನ

ವರ್ತಕರು ಇಂದು ಸಲ್ಲಿಸುತ್ತಿರುವ ಸರಕು ಮತ್ತು ಸೇವಾ ತೆರಿಗೆಯ ವಿವರಪಟ್ಟಿಗೂ ಒಂದು ವಂಶಾವಳಿ ಇದೆ. 2017ರ ಜುಲೈ 1ರಂದು ಜಾರಿಗೆ ಬಂದ ಈ ತೆರಿಗೆಯ ಹಿಂದೆ, ಕರ್ನಾಟಕದ ಮಟ್ಟಿಗೆ, 2005ರ ಏಪ್ರಿಲ್ 1ರ ಮೌಲ್ಯವರ್ಧಿತ ತೆರಿಗೆ ಇದೆ. ಅದರ ಹಿಂದೆ 1957ರ ಮಾರಾಟ ತೆರಿಗೆ ಕಾಯಿದೆ ಇದೆ. ಇನ್ನೂ ಹಿಂದಕ್ಕೆ ಹೋದರೆ ಮೂಲ ಸಿಗುವುದು 1939ರ ಅಕ್ಟೋಬರ್ 1ರಂದು, ಅಂದಿನ ಮದರಾಸು ಪ್ರಾಂತದಲ್ಲಿ. ಭಾರತದಲ್ಲಿ ಎಲ್ಲ ಬಗೆಯ ಸರಕಿಗೂ ಅನ್ವಯಿಸುವ ಸಾಮಾನ್ಯ ಮಾರಾಟ ತೆರಿಗೆ ಮೊತ್ತಮೊದಲು ಜಾರಿಗೆ ಬಂದದ್ದು ಅಂದು. ಅದನ್ನು ತಂದವರು ಅರ್ಥಶಾಸ್ತ್ರಜ್ಞರೂ ಅಲ್ಲ, ಬ್ರಿಟಿಷ್ ಅಧಿಕಾರಿಯೂ ಅಲ್ಲ. ಸೇಲಂ ಪುರಸಭೆಯ ಸದಸ್ಯರಾಗಿ ಸಾರ್ವಜನಿಕ ಜೀವನವನ್ನು ಆರಂಭಿಸಿದ ವಕೀಲ ಚಕ್ರವರ್ತಿ ರಾಜಗೋಪಾಲಾಚಾರಿ ಅವರು.

ರಾಜಾಜಿ ಅವರನ್ನು ಸ್ವತಂತ್ರ ಭಾರತದ ಮೊದಲ ಭಾರತೀಯ ಗವರ್ನರ್ ಜನರಲ್ ಎಂದು ದೇಶ ಸ್ಮರಿಸುತ್ತದೆ. ವರ್ತಕ ಸಮುದಾಯಕ್ಕಾದರೋ ಅವರ ಬದುಕಿನ ಬೇರೊಂದು ಅಧ್ಯಾಯ ಹೆಚ್ಚು ಹತ್ತಿರದ್ದು. ಪುರಸಭೆಯ ಕುರ್ಚಿಯಿಂದ ಪ್ರಾಂತದ ಹಣಕಾಸಿನ ಹೊಣೆಯವರೆಗಿನ ಅವರ ನಡೆ ನಮ್ಮ ಖಾತಾ ವಹಿಗಳ ಮೇಲೆ ಇಂದಿಗೂ ಅಳಿಯದ ಗುರುತನ್ನು ಉಳಿಸಿದೆ.

ಪುರಸಭೆಯ ವರ್ಷಗಳು

ರಾಜಾಜಿ ಜನಿಸಿದ್ದು 1878ರ ಡಿಸೆಂಬರ್ 10ರಂದು, ಅಂದಿನ ಸೇಲಂ ಜಿಲ್ಲೆಗೆ ಸೇರಿದ್ದ ಹೊಸೂರಿನ ಸಮೀಪದ ತೊರಪಳ್ಳಿಯಲ್ಲಿ. ತಂದೆ ಗ್ರಾಮದ ಮುನ್ಸೀಫರಾಗಿದ್ದರು. ಹೊಸೂರಿನ ಶಾಲೆಯ ನಂತರ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಕಾನೂನು ಅಭ್ಯಾಸ ಮಾಡಿದರು. 1900ರಲ್ಲಿ ಸೇಲಂನಲ್ಲಿ ವಕೀಲಿ ವೃತ್ತಿ ಆರಂಭಿಸಿದರು.

1911ರಲ್ಲಿ ಅವರು ಸೇಲಂ ಪುರಸಭೆಯನ್ನು ಸದಸ್ಯರಾಗಿ ಪ್ರವೇಶಿಸಿದರು. 1917ರಿಂದ 1919ರವರೆಗೆ ಅದರ ಅಧ್ಯಕ್ಷರಾಗಿದ್ದರು. ಸೇಲಂ ಪುರಸಭೆಗೆ ಮೊದಲ ದಲಿತ ಸದಸ್ಯರು ಆಯ್ಕೆಯಾದುದು ಅವರ ಅಧ್ಯಕ್ಷತೆಯ ಅವಧಿಯಲ್ಲಿ, ಅವರ ಪ್ರಯತ್ನದ ಫಲವಾಗಿ. ಇಪ್ಪತ್ತು ವರ್ಷಗಳ ನಂತರ, 1939ರಲ್ಲಿ, ದೇವಾಲಯ ಪ್ರವೇಶದ ಕಾಯಿದೆಯನ್ನು ಪ್ರಾಂತದ ಶಾಸನಸಭೆಯಲ್ಲಿ ತಂದಾಗ ಇದೇ ಧೋರಣೆ ಮುಂದುವರಿಯಿತು.

ಪುರಸಭೆಯ ಆಡಳಿತ ಒಂದು ವಿಶಿಷ್ಟ ಶಾಲೆ. ಅಲ್ಲಿ ಖರ್ಚಿನ ಪ್ರತಿಯೊಂದು ಬಾಬಿಗೂ ಆದಾಯದ ಬಾಬು ತೋರಿಸಲೇಬೇಕು. ನೋಟು ಮುದ್ರಿಸುವ ಅಧಿಕಾರವಿಲ್ಲ, ಮನಬಂದಂತೆ ಸಾಲ ಎತ್ತುವ ಅವಕಾಶವೂ ಇಲ್ಲ. ತೆರಿಗೆ ಹಾಕಿದವನು ಮರುದಿನ ಅದೇ ಪೇಟೆ ಬೀದಿಯಲ್ಲಿ ತೆರಿಗೆ ಕಟ್ಟುವವನ ಎದುರಿಗೆ ನಡೆದುಹೋಗಬೇಕು. ಮುಂದೆ ಪ್ರಾಂತದ ಆಯವ್ಯಯವನ್ನು ರಾಜಾಜಿ ನಿರ್ವಹಿಸಿದ ರೀತಿಯಲ್ಲಿ ಈ ಶಿಸ್ತಿನ ಛಾಯೆ ಸ್ಪಷ್ಟವಾಗಿ ಕಾಣುತ್ತದೆ.

ಗಾಂಧೀಜಿಯವರ ಅಸಹಕಾರ ಚಳವಳಿ ಅವರನ್ನು ವಕೀಲಿಯಿಂದ ದೂರ ಸೆಳೆಯಿತು. 1925ರಲ್ಲಿ ತಿರುಚೆಂಗೋಡಿನ ಬಳಿ ಆಶ್ರಮ ಸ್ಥಾಪಿಸಿ ಖಾದಿ ಹಾಗೂ ಪಾನನಿರೋಧದ ಕಾರ್ಯದಲ್ಲಿ ತೊಡಗಿದರು. ಕುಡಿತದಿಂದ ಬಡ ಕುಟುಂಬಗಳ ಕೂಲಿ ಹಣ ಹೇಗೆ ಸೋರಿಹೋಗುತ್ತದೆ ಎಂಬುದನ್ನು ಅಲ್ಲಿ ಹತ್ತಿರದಿಂದ ಕಂಡರು. ಪಾನನಿರೋಧದ ಪ್ರಚಾರಕ್ಕಾಗಿಯೇ ತಮಿಳಿನಲ್ಲಿ ಒಂದು ಪತ್ರಿಕೆಯನ್ನೂ ನಡೆಸಿದರು. 1930ರಲ್ಲಿ ತಿರುಚಿನಾಪಳ್ಳಿಯಿಂದ ವೇದಾರಣ್ಯದವರೆಗೆ ಉಪ್ಪಿನ ಸತ್ಯಾಗ್ರಹದ ನಡಿಗೆಯ ನೇತೃತ್ವ ವಹಿಸಿ ಸೆರೆಮನೆ ಸೇರಿದರು.

ಖಜಾನೆಯ ಕೀಲಿ ಕೈಗೆ ಬಂದಾಗ

1935ರ ಭಾರತ ಸರ್ಕಾರ ಕಾಯಿದೆಯ ಅನ್ವಯ 1937ರಲ್ಲಿ ಪ್ರಾಂತಗಳಲ್ಲಿ ಚುನಾವಣೆ ನಡೆಯಿತು. ಮದರಾಸು ಶಾಸನಸಭೆಯ 215 ಸ್ಥಾನಗಳಲ್ಲಿ ಕಾಂಗ್ರೆಸ್ಸು 159ನ್ನು ಗೆದ್ದಿತು. ಜುಲೈ 14ರಂದು ರಾಜಾಜಿ ಪ್ರಾಂತದ ಪ್ರಧಾನಿಯಾಗಿ ಅಧಿಕಾರ ವಹಿಸಿಕೊಂಡರು. ಹಣಕಾಸು ಖಾತೆಯನ್ನು ಬೇರೆಯವರಿಗೆ ವಹಿಸದೆ ತಮ್ಮಲ್ಲಿಯೇ ಇರಿಸಿಕೊಂಡರು. ಮಂಗಳೂರು, ಉಡುಪಿ, ಬಳ್ಳಾರಿ, ಕೊಳ್ಳೇಗಾಲಗಳು ಆಗ ಮದರಾಸು ಪ್ರಾಂತದಲ್ಲಿಯೇ ಇದ್ದುದರಿಂದ ಅಲ್ಲಿಯ ಕನ್ನಡ ಹಾಗೂ ತುಳು ನಾಡಿನ ವರ್ತಕರಿಗೂ ಅವರೇ ಹಣಕಾಸು ಮಂತ್ರಿಗಳಾದರು.

ಅಧಿಕಾರಕ್ಕೆ ಬಂದ ಮೂರೇ ತಿಂಗಳಲ್ಲಿ, 1937ರ ಅಕ್ಟೋಬರ್ 1ರಿಂದ, ತಮ್ಮ ತವರು ಜಿಲ್ಲೆಯಾದ ಸೇಲಂನಲ್ಲಿ ಪಾನನಿರೋಧವನ್ನು ಜಾರಿಗೊಳಿಸಿದರು. 1938ರಲ್ಲಿ ಚಿತ್ತೂರು ಮತ್ತು ಕಡಪ ಜಿಲ್ಲೆಗಳಿಗೂ, 1939ರಲ್ಲಿ ಉತ್ತರ ಆರ್ಕಾಟಿಗೂ ಅದು ವಿಸ್ತರಿಸಿತು. ಪ್ರಾಂತದ ಆದಾಯದಲ್ಲಿ ಭೂಕಂದಾಯದ ನಂತರದ ದೊಡ್ಡ ಬಾಬು ಅಬಕಾರಿಯೇ ಆಗಿತ್ತು. ಪಾನನಿರೋಧ ಒಂದೊಂದು ಜಿಲ್ಲೆಗೆ ಹಬ್ಬಿದಂತೆಲ್ಲ ಖಜಾನೆಯಲ್ಲಿ ಅಷ್ಟಷ್ಟು ಹಳ್ಳ ಬೀಳುತ್ತಿತ್ತು. ಆ ಹಳ್ಳವನ್ನು ತುಂಬುವ ಪ್ರಶ್ನೆ ಹಣಕಾಸು ಮಂತ್ರಿಯಾಗಿಯೂ ಅವರದೇ ಆಗಿತ್ತು.

ಈ ನಡುವೆ 1938ರಲ್ಲಿ ಬಂದ ಮದರಾಸು ಕೃಷಿಕರ ಪರಿಹಾರ ಕಾಯಿದೆ ಲೇವಾದೇವಿಯವರನ್ನು ನೇರವಾಗಿ ತಟ್ಟಿತು. 1932ರ ಅಕ್ಟೋಬರ್ 1ಕ್ಕಿಂತ ಹಿಂದಿನ ಸಾಲಗಳ ಮೇಲೆ 1937ರ ಅಕ್ಟೋಬರ್ 1ರವರೆಗೆ ಬಾಕಿ ಉಳಿದಿದ್ದ ಬಡ್ಡಿಯೆಲ್ಲ ರದ್ದಾಯಿತು. ಅಸಲಿನ ಎರಡರಷ್ಟು ಈಗಾಗಲೇ ಸಂದಾಯವಾಗಿದ್ದರೆ ಸಾಲವೇ ತೀರಿತೆಂದು ಪರಿಗಣಿಸಲಾಯಿತು. ರೈತರಿಗೆ ಇದು ಜೀವದಾನ. ರೈತರಿಗೆ ಸಾಲ ಕೊಟ್ಟಿದ್ದ ವರ್ತಕರಿಗೆ ಮಾತ್ರ ಲೆಕ್ಕದ ಪುಸ್ತಕದಲ್ಲಿನ ವಸೂಲಿ ಬಾಕಿ ಒಂದೇ ದಿನದಲ್ಲಿ ಕರಗಿದ ಅನುಭವ.

ಅರ್ಧ ಶೇಕಡದ ಕಾಯಿದೆ

1935ರ ಕಾಯಿದೆಯ ಪ್ರಾಂತೀಯ ಪಟ್ಟಿಯ 48ನೆಯ ಬಾಬು ಸರಕುಗಳ ಮಾರಾಟದ ಮೇಲೆ ತೆರಿಗೆ ವಿಧಿಸುವ ಅಧಿಕಾರವನ್ನು ಪ್ರಾಂತಗಳಿಗೆ ನೀಡಿತ್ತು. ಮಧ್ಯ ಪ್ರಾಂತ ಮತ್ತು ಬೇರಾರ್ 1938ರಲ್ಲಿ ಪೆಟ್ರೋಲಿನಂತಹ ವಾಹನ ಇಂಧನ ಹಾಗೂ ಕೀಲೆಣ್ಣೆಗಳ ಮೇಲೆ ಮಾತ್ರ ಇದನ್ನು ಪ್ರಯೋಗಿಸಿತ್ತು. ರಾಜಾಜಿ ಆ ಅಧಿಕಾರವನ್ನು ಪೂರ್ಣವಾಗಿ ಬಳಸಿದರು. ವಾಹನ ಇಂಧನ, ತಂಬಾಕು, ಮನರಂಜನೆ ಇವುಗಳ ಮೇಲಿನ ಪ್ರತ್ಯೇಕ ಕಾಯಿದೆಗಳ ಜೊತೆಗೆ 1939ರ ಮದರಾಸು ಸಾಮಾನ್ಯ ಮಾರಾಟ ತೆರಿಗೆ ಕಾಯಿದೆ ಬಂದಿತು.

ಕಾಯಿದೆಯ ಮೂಲ ಸೂತ್ರ ಸರಳವಾಗಿತ್ತು. ವಾರ್ಷಿಕ ವಹಿವಾಟು 10,000 ರೂಪಾಯಿಗಿಂತ ಕಡಿಮೆ ಇರುವ ವರ್ತಕರಿಗೆ ತೆರಿಗೆ ಇಲ್ಲ. ಅಲ್ಲಿಂದ 20,000 ರೂಪಾಯಿವರೆಗೆ ತಿಂಗಳಿಗೆ 5 ರೂಪಾಯಿ. ಅದನ್ನು ಮೀರಿದರೆ ವಹಿವಾಟಿನ ಅರ್ಧ ಶೇಕಡ. ಸರಕು ಯಾವುದು, ಯಾವ ಪಟ್ಟಿಗೆ ಸೇರುತ್ತದೆ ಎಂಬ ತಕರಾರುಗಳಿಗೆ ಅಲ್ಲಿ ಹೆಚ್ಚಿನ ಎಡೆಯಿರಲಿಲ್ಲ.

ಲೆಕ್ಕ ಹಾಕಿ ನೋಡಿದರೆ ಈ ಸೂತ್ರದ ಗುಣದೋಷಗಳೆರಡೂ ಗೋಚರಿಸುತ್ತವೆ. 12,000 ರೂಪಾಯಿ ವಹಿವಾಟಿನವರು ವರ್ಷಕ್ಕೆ 60 ರೂಪಾಯಿ ಕಟ್ಟುತ್ತಿದ್ದರು, ಅಂದರೆ ಅರ್ಧ ಶೇಕಡ. 20,000 ರೂಪಾಯಿ ವಹಿವಾಟಿನವರೂ ಅದೇ 60 ರೂಪಾಯಿ ಕಟ್ಟುತ್ತಿದ್ದುದರಿಂದ ಅವರ ಪಾಲಿಗೆ ಹೊರೆ ಶೇಕಡ 0.3 ಮಾತ್ರ. ಆದರೆ 20,000 ರೂಪಾಯಿ ದಾಟಿದ ಕೂಡಲೇ ತೆರಿಗೆ 100 ರೂಪಾಯಿಯ ಮೇಲಕ್ಕೆ ಜಿಗಿಯುತ್ತಿತ್ತು. ಮಿತಿಯ ಅಂಚಿನಲ್ಲಿ ನಿಂತವರು ವಹಿವಾಟನ್ನು ತಗ್ಗಿಸಿ ತೋರಿಸುವ ಪ್ರಲೋಭನೆ ಈ ತೆರಿಗೆಯ ಜೊತೆಗೇ ಹುಟ್ಟಿತು.

ಇನ್ನೊಂದು ತೊಡಕು ಹೆಚ್ಚು ಗಂಭೀರವಾದುದು. ಇದು ಬಹುಹಂತದ ತೆರಿಗೆ. ತಯಾರಕರಿಂದ ಸಗಟು ವರ್ತಕರಿಗೆ, ಅವರಿಂದ ಚಿಲ್ಲರೆ ಅಂಗಡಿಗೆ, ಅಂಗಡಿಯಿಂದ ಗ್ರಾಹಕರಿಗೆ ಸರಕು ಕೈ ಬದಲಾದಾಗಲೆಲ್ಲ ತೆರಿಗೆ ಬೀಳುತ್ತಿತ್ತು. ಹಿಂದಿನ ಹಂತದಲ್ಲಿ ಕಟ್ಟಿದ್ದನ್ನು ವಜಾ ಮಾಡಿಕೊಳ್ಳುವ ವ್ಯವಸ್ಥೆ ಇರಲಿಲ್ಲ. ತೆರಿಗೆಯ ಮೇಲೆ ತೆರಿಗೆ ಎಂಬ ಈ ದೋಷ ದರ ಅರ್ಧ ಶೇಕಡ ಇದ್ದಾಗ ಅಷ್ಟಾಗಿ ನೋಯಿಸಲಿಲ್ಲ. ದರ ಏರಿದಂತೆ ಅದು ಅಸಹನೀಯವಾಯಿತು. ಹೂಡುವಳಿ ತೆರಿಗೆ ಜಮೆಯ ಪದ್ಧತಿ ಬಂದು ಈ ದೋಷ ಬಹುಮಟ್ಟಿಗೆ ನಿವಾರಣೆಯಾಗಲು ಆರು ದಶಕಗಳಿಗೂ ಹೆಚ್ಚು ಕಾಲ ಹಿಡಿಯಿತು.

ಸಣ್ಣ ತಯಾರಕರ ಪ್ರಶ್ನೆ ಫೆಡರಲ್ ನ್ಯಾಯಾಲಯದವರೆಗೆ ಹೋಯಿತು. ಕಡಲೆಕಾಯಿ ಎಣ್ಣೆ ಮತ್ತು ಹಿಂಡಿ ತಯಾರಿಸಿ ಮಾರುವ ಬೊಡ್ಡು ಪೈಡಣ್ಣ ಸಂಸ್ಥೆಯ ಪ್ರಕರಣದಲ್ಲಿ, ತಯಾರಕರ ಮೊದಲ ಮಾರಾಟದ ಮೇಲಿನ ತೆರಿಗೆ ವಾಸ್ತವದಲ್ಲಿ ಕೇಂದ್ರಕ್ಕೆ ಸೇರಿದ ಉತ್ಪಾದನಾ ಸುಂಕವೇ ಎಂಬ ವಾದ ಎದ್ದಿತು. 1942ರಲ್ಲಿ ನ್ಯಾಯಾಲಯ ಪ್ರಾಂತದ ಪರವಾಗಿ ತೀರ್ಪಿತ್ತಿತು. ಉತ್ಪಾದನಾ ಸುಂಕ ತಯಾರಿಕೆಗೆ ಸಂಬಂಧಿಸಿದ್ದು, ಮಾರಾಟ ತೆರಿಗೆ ಮಾರಾಟಕ್ಕೆ ಸಂಬಂಧಿಸಿದ್ದು, ಎರಡೂ ಬೇರೆಬೇರೆ ಎಂಬುದು ಅದರ ಸಾರ. ಒಂದೇ ಸರಕಿಗೆ ಕೇಂದ್ರದ ಉತ್ಪಾದನಾ ಸುಂಕವನ್ನೂ ರಾಜ್ಯದ ಮಾರಾಟ ತೆರಿಗೆಯನ್ನೂ ತಯಾರಕರು 2017ರವರೆಗೆ ಕಟ್ಟಬೇಕಾದ ಪರಿಸ್ಥಿತಿಗೆ ಕಾನೂನಿನ ಬುನಾದಿ ಇದೇ ಆಯಿತು.

ಉದ್ದೇಶ ಹೋಯಿತು, ತೆರಿಗೆ ಉಳಿಯಿತು

ಕಾಯಿದೆ ಜಾರಿಗೆ ಬಂದು ತಿಂಗಳು ತುಂಬುವುದರೊಳಗೆ, 1939ರ ಅಕ್ಟೋಬರ್ 29ರಂದು, ಯುದ್ಧದ ಪ್ರಶ್ನೆಯ ಮೇಲೆ ರಾಜಾಜಿ ಮಂತ್ರಿಮಂಡಲ ರಾಜೀನಾಮೆ ಸಲ್ಲಿಸಿತು. ತೆರಿಗೆ ಹಾಕಿದವರು ಒಬ್ಬರು, ಅದರ ಫಲ ಉಂಡವರು ಗವರ್ನರರ ಆಡಳಿತದವರು. ಯುದ್ಧಕಾಲದಲ್ಲಿ ಆ ಆಡಳಿತ ಪಾನನಿರೋಧವನ್ನು ಕೈಬಿಟ್ಟಿತು. ಅಬಕಾರಿ ಆದಾಯ ಮರಳಿ ಬಂದಿತು. ಆದರೆ ಅದರ ನಷ್ಟ ತುಂಬಲೆಂದು ಬಂದಿದ್ದ ಮಾರಾಟ ತೆರಿಗೆ ಹೋಗಲಿಲ್ಲ. ಒಂದು ನಿರ್ದಿಷ್ಟ ಉದ್ದೇಶಕ್ಕಾಗಿ ಬಂದ ತೆರಿಗೆ ಆ ಉದ್ದೇಶ ತೀರಿದ ಮೇಲೂ ಹೇಗೆ ಉಳಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ದುರ್ಲಭ.

ಇತರ ಪ್ರಾಂತಗಳೂ ಸಂಸ್ಥಾನಗಳೂ ಇದೇ ದಾರಿ ಹಿಡಿದವು. ಮುಂಬಯಿ ಪ್ರಾಂತದಲ್ಲಿದ್ದ ಹುಬ್ಬಳ್ಳಿ, ಬೆಳಗಾವಿ, ವಿಜಾಪುರಗಳ ವರ್ತಕರಿಗೆ 1946ರ ಕಾಯಿದೆ ಬಂದಿತು. ಮೈಸೂರು 1948ರಲ್ಲಿ, ಹೈದರಾಬಾದು 1950ರಲ್ಲಿ ತಮ್ಮ ತಮ್ಮ ಕಾಯಿದೆಗಳನ್ನು ತಂದವು. 1956ರಲ್ಲಿ ಏಕೀಕರಣವಾದಾಗ ಹೊಸ ರಾಜ್ಯದ ಬೇರೆಬೇರೆ ಭಾಗಗಳ ವರ್ತಕರು ಬೇರೆಬೇರೆ ಮಾರಾಟ ತೆರಿಗೆ ಕಾಯಿದೆಗಳ ಅಡಿಯಲ್ಲಿದ್ದರು. 1957ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಕಾಯಿದೆ ಅವೆಲ್ಲವನ್ನೂ ಒಂದುಗೂಡಿಸಿತು.

ಪರ್ಮಿಟ್ ರಾಜ್ಯದ ವಿರೋಧಿ

ಪಶ್ಚಿಮ ಬಂಗಾಳದ ರಾಜ್ಯಪಾಲ, ಗವರ್ನರ್ ಜನರಲ್, ಕೇಂದ್ರ ಗೃಹಮಂತ್ರಿ ಪದವಿಗಳನ್ನು ಅಲಂಕರಿಸಿದ ಬಳಿಕ 1952ರ ಏಪ್ರಿಲ್‌ನಲ್ಲಿ ರಾಜಾಜಿ ಮತ್ತೆ ಮದರಾಸಿನ ಮುಖ್ಯಮಂತ್ರಿಯಾದರು. ಚುನಾವಣೆಗೆ ನಿಲ್ಲದೆ ವಿಧಾನ ಪರಿಷತ್ತಿಗೆ ನಾಮಕರಣಗೊಂಡು ಆ ಸ್ಥಾನಕ್ಕೆ ಬಂದದ್ದು ಟೀಕೆಗೆ ಗುರಿಯಾಯಿತು. ಆದರೆ ಆ ವರ್ಷದ ಜೂನ್‌ನಲ್ಲಿ ಅವರು ಆಹಾರಧಾನ್ಯಗಳ ಮೇಲಿನ ನಿಯಂತ್ರಣವನ್ನು ತೆಗೆದುಹಾಕಿದ ನಿರ್ಧಾರವನ್ನು ಧಾನ್ಯ ವರ್ತಕರು ಬಹುಕಾಲ ಸ್ಮರಿಸಿದರು. ಪ್ರಾಥಮಿಕ ಶಿಕ್ಷಣದಲ್ಲಿ ತಂದ ಬದಲಾವಣೆ ತೀವ್ರ ವಿರೋಧ ಎದುರಿಸಿ, 1954ರ ಏಪ್ರಿಲ್‌ನಲ್ಲಿ ಅವರು ಅಧಿಕಾರ ತ್ಯಜಿಸಬೇಕಾಯಿತು.

1959ರಲ್ಲಿ ಸ್ವತಂತ್ರ ಪಕ್ಷವನ್ನು ಸ್ಥಾಪಿಸಿ ಪರ್ಮಿಟ್ ಮತ್ತು ಲೈಸೆನ್ಸುಗಳ ರಾಜ್ಯಭಾರವನ್ನು ಅವರು ಖಂಡಿಸಿದರು. 1967ರ ಚುನಾವಣೆಯಲ್ಲಿ ಆ ಪಕ್ಷ ಲೋಕಸಭೆಯಲ್ಲಿ 44 ಸ್ಥಾನ ಗಳಿಸಿ ಅತಿ ದೊಡ್ಡ ವಿರೋಧ ಪಕ್ಷವಾಯಿತು. 1972ರ ಡಿಸೆಂಬರ್ 25ರಂದು ರಾಜಾಜಿ ನಿಧನರಾದರು.

ಮಾರಾಟ ತೆರಿಗೆಯ ಜನಕರೇ ಲೈಸೆನ್ಸು ವ್ಯವಸ್ಥೆಯ ಕಡು ವಿರೋಧಿಯಾದದ್ದು ಮೇಲ್ನೋಟಕ್ಕೆ ವಿರೋಧಾಭಾಸವೆನಿಸಬಹುದು. ಹಾಗಲ್ಲ. ಎಲ್ಲರಿಗೂ ಒಂದೇ ಅಳತೆಯಲ್ಲಿ ಬೀಳುವ ಕಡಿಮೆ ದರದ ತೆರಿಗೆಯನ್ನು ವರ್ತಕರು ಲೆಕ್ಕ ಹಾಕಿ ಬೆಲೆಯಲ್ಲಿ ಸೇರಿಸಿಕೊಳ್ಳಬಲ್ಲರು. ಅಧಿಕಾರಿಯ ಮರ್ಜಿಯನ್ನು ಅವಲಂಬಿಸಿದ ಅನುಮತಿಯನ್ನು ಯಾವ ಲೆಕ್ಕಕ್ಕೂ ಸೇರಿಸಲಾಗದು.

ವರ್ತಕರಿಗೆ ಉಳಿಯುವ ಪಾಠ

ಇಂದಿನ ರಾಜಿ ತೆರಿಗೆ ಪದ್ಧತಿಯಲ್ಲಿ ವರ್ತಕರು ಮತ್ತು ತಯಾರಕರು ವಹಿವಾಟಿನ ಮೇಲೆ ಕಟ್ಟುವ ಶೇಕಡ 1ರಲ್ಲಿ ರಾಜ್ಯದ ಪಾಲು ಅರ್ಧ ಶೇಕಡ. 1939ರ ದರವೂ ಅದೇ. ಇನ್ನೂ ಒಂದು ವಿಪರ್ಯಾಸ ಗಮನಾರ್ಹ. ಸಂವಿಧಾನದ 101ನೆಯ ತಿದ್ದುಪಡಿಯ ನಂತರ ರಾಜ್ಯಗಳ ಹಳೆಯ ಮಾರಾಟ ತೆರಿಗೆಯ ಅಧಿಕಾರ ಉಳಿದಿರುವುದು ಕಚ್ಚಾತೈಲ, ಪೆಟ್ರೋಲ್, ಡೀಸೆಲ್, ನೈಸರ್ಗಿಕ ಅನಿಲ, ವಿಮಾನ ಇಂಧನ ಮತ್ತು ಮಾನವ ಸೇವನೆಯ ಮದ್ಯದ ಮೇಲೆ ಮಾತ್ರ. ಮದ್ಯದ ಆದಾಯಕ್ಕೆ ಬದಲಿಯಾಗಿ ಹುಟ್ಟಿದ ತೆರಿಗೆಯ ಅಧಿಕಾರ ಇಂದು ಮದ್ಯವನ್ನೇ ಆಶ್ರಯಿಸಿ ನಿಂತಿದೆ.

1939ರಲ್ಲಿ ಮಂಗಳೂರಿನ ವರ್ತಕರಿಗೆ ತಮ್ಮ ಅಹವಾಲು ಹೇಳಿಕೊಳ್ಳಲು ಮದರಾಸಿನ ಒಂದು ಕಚೇರಿ ಇತ್ತು. ಇಂದು ದರಗಳ ಶಿಫಾರಸು ಮಾಡುವುದು ಜಿಎಸ್‌ಟಿ ಮಂಡಳಿ. ಅಲ್ಲಿ ಮೂರನೆಯ ಒಂದು ಪಾಲು ಮತದ ತೂಕ ಕೇಂದ್ರದ್ದು, ಉಳಿದದ್ದನ್ನು ಎಲ್ಲ ರಾಜ್ಯಗಳೂ ಹಂಚಿಕೊಳ್ಳಬೇಕು, ನಿರ್ಣಯಕ್ಕೆ ನಾಲ್ಕನೆಯ ಮೂರು ಪಾಲು ಬಹುಮತ ಬೇಕು. ದರ ಪ್ರಕಟವಾದ ಮೇಲೆ ಸಲ್ಲಿಸುವ ಮನವಿಗಿಂತ, ಮಂಡಳಿಯ ಸಭೆಗೆ ಮೊದಲೇ ಅಂಕಿಅಂಶ ಸಹಿತ ರಾಜ್ಯ ಸರ್ಕಾರಕ್ಕೆ ತಲುಪುವ ಮನವಿಗೆ ಬೆಲೆ ಹೆಚ್ಚು. ವಾಣಿಜ್ಯ ಸಂಘಗಳು ಈ ಕಾರ್ಯವನ್ನು ವರ್ಷವಿಡೀ ನಡೆಸಬೇಕಾಗಿದೆ.

ಹಾಗೆಯೇ ಊರಿನ ಪುರಸಭೆಯನ್ನು ಅಲಕ್ಷಿಸುವುದೂ ತರವಲ್ಲ. ಆಸ್ತಿ ತೆರಿಗೆ, ಉದ್ದಿಮೆ ಪರವಾನಗಿ, ಸಂತೆ ಮಾರುಕಟ್ಟೆಗಳ ನಿರ್ಣಯ ಇಂದಿಗೂ ಆಗುವುದು ಅಲ್ಲಿಯೇ. ಸೇಲಂನ ಪುರಸಭಾಧ್ಯಕ್ಷರೊಬ್ಬರು ಇಪ್ಪತ್ತು ವರ್ಷಗಳ ನಂತರ ಇಡೀ ಪ್ರಾಂತದ ವರ್ತಕರ ಕೀರ್ದಿಯಲ್ಲಿ ಹೊಸದೊಂದು ಬಾಬನ್ನು ಬರೆಸಿದರು. ಇಂದಿನ ನಗರಸಭೆಯ ಸಭಾಂಗಣದಲ್ಲಿ ಕುಳಿತಿರುವ ಸದಸ್ಯರಲ್ಲಿ ನಾಳಿನ ಹಣಕಾಸು ಮಂತ್ರಿ ಇರಬಹುದು. ವ್ಯಾಪಾರದ ಕಷ್ಟಸುಖಗಳನ್ನು ಅವರಿಗೆ ಮನವರಿಕೆ ಮಾಡಿಕೊಡಲು ಅತ್ಯಂತ ಸೂಕ್ತ ಕಾಲ ಅವರು ಇನ್ನೂ ನಮ್ಮ ಬೀದಿಯ ಚರಂಡಿಯ ದುರಸ್ತಿಯನ್ನು ಪರಿಶೀಲಿಸಲು ಬರುತ್ತಿರುವ ದಿನಗಳೇ ಆಗಿವೆ.