ರಕ್ಷಣೆಯೇ ವಿಷವಾದ ಬಗೆ

ಕೋವಿಡ್ ಕಾಲದಿಂದೀಚೆಗೆ ‘ರೋಗನಿರೋಧಕ ಶಕ್ತಿಯನ್ನು ಹೆಚ್ಚಿಸಿಕೊಳ್ಳಬೇಕು’ ಎಂಬ ಮಾತು ಮನೆಮನೆಯಲ್ಲಿಯೂ ಕೇಳಿಬರುತ್ತಿದೆ. ಲೇಹ್ಯ, ಚೂರ್ಣ, ಕಷಾಯಗಳನ್ನು ವರ್ಷವಿಡೀ ಸೇವಿಸುವ ಸದ್ಭಕ್ತರೂ ಇದ್ದಾರೆ. ಈ ಶಕ್ತಿ ಹೆಚ್ಚಿದಷ್ಟೂ ಒಳ್ಳೆಯದೆಂಬುದು ಅವರ ನಂಬಿಕೆ. ಅದು ಎಷ್ಟರಮಟ್ಟಿಗೆ ಸರಿ ಎಂಬುದನ್ನು ತಿಳಿಯಲು ಸರೀಸೃಪಗಳ, ಅದರಲ್ಲಿಯೂ ನಾಗರಹಾವಿನ ವಂಶವಾಹಿಗಳ ವಿಕಾಸವನ್ನು ನೋಡುವುದು ಉಪಯುಕ್ತ.

ಮನುಷ್ಯರ ರಕ್ತದಲ್ಲಿರುವಂತೆ ಹಾವಿನ ರಕ್ತದಲ್ಲಿಯೂ ‘ಕಾಂಪ್ಲಿಮೆಂಟ್’ ಎಂಬ ರಕ್ಷಕ ಪ್ರೋಟೀನುಗಳ ಪಡೆಯಿದೆ. ನಮ್ಮಲ್ಲಿ ಇವುಗಳ ಸಂಖ್ಯೆ 30ಕ್ಕೂ ಹೆಚ್ಚು. ‘ಸಿ-3’ ಎಂಬುದು ಅವುಗಳ ನಡುಗಂಬ. ರೋಗಾಣು ಒಳಹೊಕ್ಕಾಗ ಸಿ-3 ಒಡೆದು, ಅದರ ಒಂದು ತುಂಡು ರೋಗಾಣುವಿಗೆ ಅಂಟಿಕೊಳ್ಳುತ್ತದೆ. ಆ ತುಂಡು ಇನ್ನೊಂದು ಪ್ರೋಟೀನಿನೊಡನೆ ಜೋಡಿಯಾಗಿ ಮತ್ತಷ್ಟು ಸಿ-3 ಅಣುಗಳನ್ನು ಒಡೆಯುತ್ತದೆ. ಕಿಡಿಯಿಂದ ಕಿಡಿ ಹೊತ್ತುವಂತೆ ಈ ಕ್ರಿಯೆ ಹಬ್ಬುತ್ತದೆ. ಆದರೆ ಅದು ನಮ್ಮ ಅಂಗಾಂಶಗಳನ್ನೇ ಸುಡಬಾರದಷ್ಟೆ? ಆದುದರಿಂದ ಆ ಜೋಡಿಯ ಆಯಸ್ಸು ತೀರ ಅಲ್ಪ; ಸುಮಾರು 1.5 ನಿಮಿಷದಲ್ಲಿ ಅರ್ಧಭಾಗ ಕಳಚಿಹೋಗುತ್ತದೆ. ಜೊತೆಗೆ ಅದನ್ನು ಹತೋಟಿಯಲ್ಲಿಡುವ ಪ್ರೋಟೀನುಗಳೂ ಇವೆ.

ನಾಗರಹಾವಿನ ಪೂರ್ವಜರಲ್ಲಿ ಸಿ-3ರ ವಂಶವಾಹಿಗೆ ಒಂದು ಹೆಚ್ಚಿನ ಪ್ರತಿ ಉಂಟಾಯಿತು. ಮೂಲಪ್ರತಿ ರಕ್ತದಲ್ಲಿ ತನ್ನ ಕಾಯಕವನ್ನು ಮುಂದುವರಿಸಿತು. ಎರಡನೆಯದು ಬದಲಾಗುತ್ತ ವಿಷಗ್ರಂಥಿಯನ್ನು ಸೇರಿತು. ಅದರಿಂದ ಹುಟ್ಟುವ ಪ್ರೋಟೀನಿಗೆ ‘ಕೋಬ್ರಾ ವೆನಮ್ ಫ್ಯಾಕ್ಟರ್’ ಎಂದು ಹೆಸರು. ಇದು ರಚಿಸುವ ಜೋಡಿ ಅರ್ಧಕ್ಕಿಳಿಯಲು ಸುಮಾರು 7 ಗಂಟೆ ಬೇಕು. ಹತೋಟಿಯ ಪ್ರೋಟೀನುಗಳಿಗೂ ಅದು ಮಣಿಯುವುದಿಲ್ಲ. ಕಚ್ಚಿಸಿಕೊಂಡ ಜೀವಿಯ ಸಿ-3 ಒಡೆಯುತ್ತಲೇ ಹೋಗಿ ಬರಿದಾಗುತ್ತದೆ. ನಾಗರಹಾವಿನ ಕಡಿತದಲ್ಲಿ ಪ್ರಾಣ ತೆಗೆಯುವುದು ಮುಖ್ಯವಾಗಿ ನರವಿಷ. ಅದಕ್ಕೆ ಮದ್ದು ಆಸ್ಪತ್ರೆಯ ಪ್ರತಿವಿಷವೇ ಹೊರತು ನಾಟಿ ಬೇರುಗಳಲ್ಲ. ಆದರೂ ರಕ್ಷಣೆಗೆಂದು ಹುಟ್ಟಿದ ವಸ್ತು ಅಂಕೆ ತಪ್ಪಿ ವಿಷದ ಪಾಲಾದುದು ಗಮನಾರ್ಹ.

ರಕ್ಷಣೆಯ ಸಾಧನಗಳು ಹೆಚ್ಚಿದ್ದರೇ ಬದುಕು ಎಂದೂ ಇಲ್ಲ. ಆಮೆ, ಮೊಸಳೆ, ಮನುಷ್ಯರಲ್ಲಿರುವ ಗಾಮಾ-ಡೆಲ್ಟಾ ಎಂಬ ಬಗೆಯ ಟಿ ಕೋಶಗಳ ವಂಶವಾಹಿಗಳು ಹಲ್ಲಿ-ಹಾವುಗಳ ವಂಶದಲ್ಲಿ ಅಳಿದುಹೋಗಿವೆ. ಆದರೂ ಅವು ಸಾವಿರಾರು ಪ್ರಭೇದಗಳಾಗಿ ಬಾಳುತ್ತಿವೆ.

ಚರಕಸಂಹಿತೆಯು ರೋಗನಿರೋಧಕ ಶಕ್ತಿಯನ್ನು ‘ವ್ಯಾಧಿಕ್ಷಮತ್ವ’ ಎಂದು ಕರೆದಿದೆ. ‘ಕ್ಷಮತ್ವ’ದಲ್ಲಿ ಸಾಮರ್ಥ್ಯದೊಡನೆ ಸಹನೆಯ ಅರ್ಥವೂ ಇದೆ. ಸಂಧಿಗಳನ್ನು ಹಾಳುಮಾಡುವ ರುಮಟಾಯ್ಡ್ ಆರ್ಥ್ರೈಟಿಸ್, ಹಾಗೂ ಲೂಪಸ್‌ನಂತಹ ರೋಗಗಳಲ್ಲಿ ಆ ಸಹನೆ ತಪ್ಪಿ, ರಕ್ಷಕಪಡೆ ಸ್ವಂತ ದೇಹದ ಮೇಲೆಯೇ ಎರಗುತ್ತದೆ. ಅಂಥವರಿಗೆ ಬೇಕಾದುದು ಶಕ್ತಿಯ ಹೆಚ್ಚಳವಲ್ಲ, ಹತೋಟಿ.

ಆಯುರ್ವೇದ ವೈದ್ಯನಾಗಿಯೇ ಈ ಎಚ್ಚರಿಕೆಯನ್ನು ಹೇಳಬೇಕಾಗಿದೆ. ಅಮೃತಬಳ್ಳಿಯನ್ನು ಸೇವಿಸಿದ ಕೆಲವರ ಯಕೃತ್ತಿಗೆ ತೊಂದರೆಯಾದುದನ್ನು 2021ರಲ್ಲಿ ಮುಂಬಯಿಯ ವೈದ್ಯರು ವರದಿ ಮಾಡಿದರು. ಔಷಧಿಯ ಗುಣದೋಷಗಳೆರಡನ್ನೂ ಅರಿಯುವುದು ವೈದ್ಯಧರ್ಮ. ಮೇಲೆ ಹೇಳಿದ ರೋಗಗಳುಳ್ಳವರು, ಯಕೃತ್ತಿನ ಕಾಯಿಲೆಯವರು, ಅಂಗಾಂಗ ಕಸಿ ಮಾಡಿಸಿಕೊಂಡವರು ಅಮೃತಬಳ್ಳಿ, ಅಶ್ವಗಂಧಗಳನ್ನು ವೈದ್ಯರನ್ನು ಕೇಳದೆ ಸೇವಿಸಕೂಡದು. ಸೇವಿಸುತ್ತಿದ್ದರೆ ಚಿಕಿತ್ಸೆ ನೀಡುವ ವೈದ್ಯರಿಗೆ ಮರೆಮಾಚದೆ ತಿಳಿಸಬೇಕು. ಉಳಿದವರಿಗೆ ಹಿತಮಿತವಾದ ಆಹಾರ, ಸಕಾಲದ ನಿದ್ರೆ, ಮೈಮುರಿದು ಮಾಡುವ ಕಾಯಕ, ಕಾಲಕಾಲಕ್ಕೆ ಲಸಿಕೆ ಇವಿಷ್ಟನ್ನು ಪಾಲಿಸಿದರೆ ಸಾಕು. ವರ್ಷವಿಡೀ ಲೇಹ್ಯದ ಅಗತ್ಯವಿಲ್ಲ.